ಹೊಸ ಟೀಮ್ ಲೀಡ್‌ಗಳ ತರಬೇತಿ: ಬೆಳಿಗ್ಗೆ ಬರೀ ಭಾಷಣ, ಮಧ್ಯಾಹ್ನ ಪರವಾಗಿಲ್ಲ

ಹೊಸದಾಗಿ ಟೀಮ್ ಲೀಡ್ ಆದವರಿಗೆ ಅಂತ ನಡೆಸುವ ಒಂದು ತರಬೇತಿಗೆ ನಮ್ಮ ಆಫೀಸಿನವರು ಕೆಲವರನ್ನು ಕಳಿಸಿದ್ದರು. ನಡೆಸಿದವರ ಹೆಸರು ಬೇಡ, ಇಂಥ ತರಬೇತಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಿನವು. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮೂರೂ ಮಧ್ಯಾಹ್ನದ ಪಾಠಕ್ಕೆ.

ಬೆಳಗಿನ ಹೊತ್ತು ಪೂರ್ತಿ 'ಬಾಸ್ ಬೇರೆ, ಲೀಡರ್ ಬೇರೆ' ಅನ್ನುವುದರಲ್ಲೇ ಕಳೆಯಿತು. ಆ ಚಿತ್ರ ನೀವೂ ನೋಡಿರುತ್ತೀರಿ. ಬಾಸ್ ಮೇಲೆ ಕೂತು ಬೆರಳು ತೋರಿಸುತ್ತಾನೆ, ಉಳಿದವರು ಭಾರ ಎಳೆಯುತ್ತಾರೆ. ಪಕ್ಕದ ಚಿತ್ರದಲ್ಲಿ ಲೀಡರ್ ತಾನೇ ಮುಂದೆ ನಿಂತು ಹಗ್ಗ ಹಿಡಿದಿರುತ್ತಾನೆ. ಚಪ್ಪಾಳೆಯೂ ಬಿತ್ತು. ಸರಿ, ಎಲ್ಲರೂ ಹಗ್ಗ ಹಿಡಿದರೆ ಯಾರಿಗೆ ಸುಸ್ತಾಗಿದೆ, ಹೋಗುತ್ತಿರುವ ದಾರಿ ಸರಿ ಇದೆಯಾ ಅಂತ ನೋಡುವವರು ಯಾರು?

ಆಮೇಲೆ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರೊಫೆಸರ್ ಆಗಿದ್ದ ಜಾನ್ ಕಾಟರ್ ಹೆಸರು ಬಂತು. ಅವರು 1990ರಲ್ಲಿ ಬರೆದದ್ದು ಇಷ್ಟು: ಪ್ಲಾನು, ಬಜೆಟ್ಟು, ಯಾವ ಕೆಲಸ ಯಾರಿಗೆ ಅನ್ನುವ ಗೋಜಲನ್ನು ಸಂಭಾಳಿಸುವುದು ಮ್ಯಾನೇಜ್‌ಮೆಂಟ್, ಬದಲಾವಣೆ ಬಂದಾಗ ದಿಕ್ಕು ತೋರಿಸಿ ಜನರನ್ನು ಜೊತೆಗೆ ಕರೆದುಕೊಂಡು ಹೋಗುವುದು ಲೀಡರ್‌ಶಿಪ್. ಸ್ಲೈಡ್‌ನಲ್ಲಿ ಇದು ಚೆನ್ನಾಗಿತ್ತು. ಆದರೆ ಎರಡೂ ಬೇಕು, ಒಂದು ಇನ್ನೊಂದರ ಜಾಗ ತುಂಬುವುದಿಲ್ಲ ಅಂತ ಅದೇ ಬರಹದಲ್ಲಿ ಇದೆಯಲ್ಲ, ಆ ಅರ್ಧ ಮಾತ್ರ ಸ್ಲೈಡ್‌ನಲ್ಲಿ ಇರಲಿಲ್ಲ. ಸುಮ್ನೆ ಮ್ಯಾನೇಜರ್‌ನನ್ನು ವಿಲನ್ ಮಾಡಿ ಮುಗಿಸಿದರು.

ನಮ್ಮ ಗುಂಪಿನಲ್ಲಿದ್ದ ಒಬ್ಬರು ನೇರವಾಗಿ ಕೇಳಿದರು, "ಸರ್, ನನ್ನ ರಜೆ ಅರ್ಜಿಗೆ ವಾರಗಟ್ಟಲೆ ಉತ್ತರ ಕೊಡದ ಲೀಡರ್ ಎಷ್ಟು ಚೆನ್ನಾಗಿ ಹುರಿದುಂಬಿಸಿದರೆ ಏನು ಬಂತು?" ತರಬೇತಿದಾರರು ನಕ್ಕು ಮುಂದಿನ ಸ್ಲೈಡ್‌ಗೆ ಹೋದರು. ಅಲ್ಲೇ ನಿಂತು ಉತ್ತರ ಹೇಳಬೇಕಿತ್ತು, ಉದಾಹರಣೆಯೂ ಇತ್ತು. ಗೂಗಲ್ 2002ರಲ್ಲಿ ಎಂಜಿನಿಯರಿಂಗ್ ಮ್ಯಾನೇಜರ್‌ಗಳೇ ಬೇಡ ಅಂತ ಒಮ್ಮೆ ಮಾಡಿ ನೋಡಿತ್ತು. ಖರ್ಚಿನ ಬಿಲ್ಲು, ಸಹೋದ್ಯೋಗಿಗಳ ಜಗಳ ಎಲ್ಲ ಹಿಡಿದು ಜನ ಸೀದಾ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಲ್ಯಾರಿ ಪೇಜ್ ಹತ್ತಿರ ಹೋಗತೊಡಗಿದರು. ಕೆಲವೇ ತಿಂಗಳಲ್ಲಿ ಅದನ್ನು ಕೈಬಿಟ್ಟರು.

ಮಧ್ಯಾಹ್ನ ಇನ್ನೊಬ್ಬರು ಬಂದರು. ಇವರು ಸ್ಲೈಡ್ ಹಾಕಲೇ ಇಲ್ಲ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಇನ್ನೊಬ್ಬರಿಗೆ ಒಂದು ಕೆಲಸ ಒಪ್ಪಿಸಿ ಅಂದರು. ನನ್ನ ಜೊತೆಗಾರ "ಶುಕ್ರವಾರದೊಳಗೆ ಆ ರಿಪೋರ್ಟ್ ರೆಡಿ ಮಾಡಿಬಿಡಿ" ಅಂದ. ತಕ್ಷಣ ಅವರು ನನ್ನನ್ನು ಕೇಳಿದರು: ರಿಪೋರ್ಟ್ ಓದುವವರು ಯಾರು? ನೀವೇ ಏನೇನು ತೀರ್ಮಾನ ಮಾಡಬಹುದು? ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳ್ತೀರಿ? ಒಂದೂ ಗೊತ್ತಿರಲಿಲ್ಲ, ಅವನು ಹೇಳಿದ್ದರೆ ತಾನೇ! ಎರಡನೇ ಸಲ ಅವನು ಹೇಳಿದ್ದು ಹೀಗೆ: "ಇದನ್ನು ನೋಡಿಯೇ ಕಸ್ಟಮರ್ ಮುಂದಿನ ಆರ್ಡರ್ ಕೊಡಬೇಕಾ ಬೇಡ್ವಾ ಅಂತ ತೀರ್ಮಾನ ಮಾಡ್ತಾರೆ. ಲೆಕ್ಕ ತಪ್ಪಬಾರದು, ಅಂದಚೆಂದ ಆಮೇಲೆ ನೋಡಿಕೊಳ್ಳೋಣ. ಬುಧವಾರ ಅರ್ಧಂಬರ್ಧ ಆಗಿದ್ದರೂ ತೋರಿಸಿ."

ಯಾಕೆ ಈ ಕೆಲಸ ಅಂತ ಹೇಳಿದ್ದು ಲೀಡರ್‌ಶಿಪ್. ಬುಧವಾರ ತೋರಿಸಿ ಅಂದದ್ದು ಮ್ಯಾನೇಜ್‌ಮೆಂಟ್. ಎರಡೂ ಒಂದೇ ಬಾಯಲ್ಲಿ, ಒಂದೇ ಉಸಿರಲ್ಲಿ ಬಂತು, ಅಲ್ವಾ? ಬೆಳಗಿನ ಅಷ್ಟೂ ಹೊತ್ತಿನ ಭಾಷಣದಲ್ಲಿ ಇಷ್ಟು ಸಿಕ್ಕಿರಲಿಲ್ಲ.

ದೂರು ಇನ್ನೂ ಒಂದಿದೆ. ಟೀಮಿನ ಒಬ್ಬೊಬ್ಬರ ಜೊತೆ ಕೂತು ಮಾತಾಡುವುದು ಹೇಗೆ ಅನ್ನುವ ಪಾಠವನ್ನು ಕೊನೆಗೆ ಇಟ್ಟಿದ್ದರು, ಅದು ಗಡಿಬಿಡಿಯಲ್ಲಿ ಹಾರಿಹೋಯಿತು. ನಿಜ ಹೇಳಬೇಕೆಂದರೆ ಹೊಸಬರಿಗೆ ಕೈಕಾಲು ನಡುಗುವುದು ಅಲ್ಲೇ. ನಿನ್ನೆವರೆಗೆ ಪಕ್ಕದಲ್ಲಿ ಕೂತಿದ್ದ ಗೆಳೆಯನಿಗೆ 'ನಿನ್ನ ಕೆಲಸ ಸರಿ ಇಲ್ಲ' ಅನ್ನುವುದು ಸುಲಭದ ಮಾತಲ್ಲ. ಕೊನೆಗೆ ಕೊಟ್ಟ ಪುಸ್ತಿಕೆಯಲ್ಲೂ ಆ ಬಗ್ಗೆ ಏನೂ ಇಲ್ಲ, ಬರೀ ಸ್ಫೂರ್ತಿಯ ಮಾತುಗಳು.

ಇಂಥದ್ದಕ್ಕೆ ಸೇರುವ ಮೊದಲು ವೇಳಾಪಟ್ಟಿ ತರಿಸಿಕೊಂಡು ನೋಡಿ. ಕೆಲಸ ಒಪ್ಪಿಸುವುದು, ಎದುರು ಕೂತು ಕಷ್ಟದ ಮಾತಾಡುವುದು, ಇವುಗಳಿಗೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಇಟ್ಟಿಲ್ಲ ಅಂದರೆ ದುಡ್ಡು ಕಟ್ಟಬೇಡಿ. ಆಫೀಸಿನವರೇ ಕಟ್ಟುತ್ತಾರೆ ಅನ್ನುವುದಾದರೆ ಮಧ್ಯಾಹ್ನದ ಹೊತ್ತಿಗೆ ಹೋದರೂ ಸಾಕು.