ಐ20 ಎನ್ ಲೈನ್: ಎಂಜಿನ್ನಿನ ದನಿ ಮತ್ತು ಹಿಂದಿನ ಸೀಟಿನ ಸುಖ

ಹತ್ತು ಹನ್ನೆರಡು ಲಕ್ಷ ರೂಪಾಯಿಗೆ ಸ್ಪೋರ್ಟ್ಸ್ ಕಾರು ಬೇಕೆಂದು ಹೊರಟವರಿಗೆ ನಮ್ಮ ಮಾರುಕಟ್ಟೆಯಲ್ಲಿ ಸಿಗುವುದು ನೆಲಕ್ಕೆ ಅಂಟಿಕೊಂಡು ಓಡುವ ಎರಡು ಬಾಗಿಲಿನ ಗಾಡಿಯಲ್ಲ. ಮನೆಮಂದಿ ಕೂರುವ ಹ್ಯಾಚ್‌ಬ್ಯಾಕ್ ಕಾರಿಗೇ ಟರ್ಬೊ ಎಂಜಿನ್, ಬಿಗಿಯಾದ ಸಸ್ಪೆನ್ಷನ್ ಮತ್ತು ಕೊಂಚ ಗತ್ತಿನ ಸೈಲೆನ್ಸರ್ ಕೂಡಿಸಿದ ಗಾಡಿ. ಅಬಾರ್ಥ್ ಪುಂಟೊ, ಬಲೆನೊ ಆರ್‌ಎಸ್, ಟಿಯಾಗೊ ಜೆಟಿಪಿ, ಪೋಲೊ ಜಿಟಿ ಇವೆಲ್ಲ ಅದೇ ಜಾತಿಯವು, ಮತ್ತು ಎಲ್ಲವೂ ಒಂದೊಂದಾಗಿ ಶೋರೂಮಿನಿಂದ ಮಾಯವಾದವು. 2021ರ ಸೆಪ್ಟೆಂಬರ್‌ನಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್, ಅಂದರೆ ಸಾಮಾನ್ಯ ಐ20ಯ ಸ್ಪೋರ್ಟ್ಸ್ ರೂಪ, ಅದೇ ಸಾಲಿಗೆ ಸೇರಿದ್ದು. ನಾನು ಇಲ್ಲಿ ಬರೆಯುತ್ತಿರುವುದು 2023ರಲ್ಲಿ ಪರಿಷ್ಕರಿಸಿದ, ಆರು ಗೇರಿನ ಮ್ಯಾನುಯಲ್ ಗಾಡಿಯ ಬಗ್ಗೆ. ನಮ್ಮ ಮನೆಯಲ್ಲಿ ಇರುವುದು ಅದೇ. ಮೈಸೂರು ನಗರದೊಳಗೂ ಮಂಡ್ಯ, ಮೇಲುಕೋಟೆಯ ಕಡೆಗೂ ದಿನನಿತ್ಯದ ಓಡಾಟ ಅದರಲ್ಲೇ. ಬೂಟು, ಟಚ್‌ಸ್ಕ್ರೀನ್, ಸನ್‌ರೂಫ್ ಇತ್ಯಾದಿಗಳೆಲ್ಲ ಸಾಮಾನ್ಯ ಐ20ಯಲ್ಲಿ ಇರುವಂತೆಯೇ ಇವೆ. ಆ ಬಗ್ಗೆ ಬರೆದು ಓದುಗರ ಸಮಯ ಹಾಳುಮಾಡುವುದಿಲ್ಲ. ಈ ಕಾರಿಗೆ ಹೆಚ್ಚುವರಿ ಹಣ ಕೊಡುವವರು ಕೊಡುವುದು ಎರಡು ಸಂಗತಿಗಳಿಗಾಗಿ: ಅದರ ದನಿ ಮತ್ತು ರಸ್ತೆಯ ಮೇಲೆ ಅದು ನಿಲ್ಲುವ ಬಗೆ. ಎರಡನೆಯದಕ್ಕೆ ತೆರುವ ಬೆಲೆ ರೂಪಾಯಿಯಲ್ಲಿ ಮಾತ್ರ ಇಲ್ಲ ಎನ್ನುವುದೇ ಈ ಬರಹದ ಮುಖ್ಯ ವಿಷಯ.

ಮೊದಲು ದನಿ. ಇದರಲ್ಲಿರುವುದು 998 ಸಿಸಿಯ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್. 120 ಪಿಎಸ್ ಶಕ್ತಿ, 1500ರಿಂದ 4000 ಆರ್‌ಪಿಎಂವರೆಗೆ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) 172 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಮೂರು ಸಿಲಿಂಡರ್ ಎಂದೊಡನೆ ಮೂಗು ಮುರಿಯುವವರಿದ್ದಾರೆ, ಅದಕ್ಕೆ ಕಾರಣವೂ ಇದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕು (ಪಿಸ್ಟನ್ನುಗಳು ತಿರುಗಿಸುವ ದಂಡ) 180 ಡಿಗ್ರಿ ತಿರುಗುವಷ್ಟರಲ್ಲಿ ಒಂದು ಸ್ಫೋಟವಾದರೆ, ಮೂರರಲ್ಲಿ ಅದಕ್ಕೆ 240 ಡಿಗ್ರಿ ಬೇಕು. ಹಾಗಾಗಿ 3000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರಿನದು ಸೆಕೆಂಡಿಗೆ 100 ಬಾರಿ ಬಡಿದರೆ ಇದು 75 ಬಾರಿ ಮಾತ್ರ ಬಡಿಯುತ್ತದೆ. ಶ್ರುತಿ ತಗ್ಗುತ್ತದೆ, ದನಿಗೆ ಒಂದು ಒರಟುತನ ಬರುತ್ತದೆ. ಜೊತೆಗೆ ಎಂಜಿನ್ನಿನ ಎರಡು ತುದಿಗಳು ಮೇಲೆ ಕೆಳಗೆ ತೂಗಾಡುವ ಸ್ವಭಾವ ಮೂರು ಸಿಲಿಂಡರಿನ ವಿನ್ಯಾಸದಲ್ಲೇ ಇರುವುದರಿಂದ, ಸಿಗ್ನಲ್ಲಿನಲ್ಲಿ ನಿಂತಾಗ ಸೀಟಿನ ಅಡಿಯಲ್ಲಿ ಸಣ್ಣ ನಡುಕ ಗೊತ್ತಾಗುತ್ತದೆ. ಅದರ ಮೇಲೆ ಟರ್ಬೊ ಬೇರೆ: ಹೊಗೆ ಹೊರಹೋಗುವ ದಾರಿಯಲ್ಲೇ ಕೂತು ಅದರ ರಭಸವನ್ನು ತಾನು ಬಳಸಿಕೊಳ್ಳುವ ಅದು ದನಿಯ ಮೊನಚನ್ನು ಬಹುಪಾಲು ನುಂಗಿಬಿಡುತ್ತದೆ. ಇಂಥ ಎಂಜಿನ್ನಿನಿಂದ ಕೇಳುವಂಥ ದನಿ ಹೊರಡಿಸಬೇಕಾದರೆ ಸೈಲೆನ್ಸರಿನ ಒಳಗೇ ಕೆಲಸ ಮಾಡಬೇಕು. ಎನ್ ಲೈನ್‌ನಲ್ಲಿ ಆ ಕೆಲಸ ಆಗಿದೆ; ಹಿಂದೆ ಕಾಣುವ ಜೋಡಿ ಕೊಳವೆ ಬರೀ ತೋರಿಕೆಯದಲ್ಲ.

ಬೆಳಿಗ್ಗೆ ತಣ್ಣಗಿರುವ ಎಂಜಿನ್ ಹಚ್ಚಿದ ಕೂಡಲೇ ಆರ್‌ಪಿಎಂ ಸ್ವಲ್ಪ ಏರಿ ನಿಲ್ಲುತ್ತದೆ. ಆ ಹೊತ್ತು ಗೇಟಿನ ಬಳಿ, ಗಾಡಿಯ ಹಿಂದೆ ನಿಂತು ಕೇಳಬೇಕು: ಗುಡುಗುಡು ಎನ್ನುವ, ಎದೆಗೆ ತಾಕುವ ದನಿ. ಕುವೆಂಪುನಗರದ ನಮ್ಮ ರಸ್ತೆಯಲ್ಲಿ ನೆರೆಯವರೊಬ್ಬರು "ಸೈಲೆನ್ಸರ್ ಚೇಂಜ್ ಮಾಡ್ಸಿದ್ದೀರಾ ಸಾರ್, ಪೊಲೀಸ್ನೋರು ಹಿಡಿಯಲ್ವಾ?" ಎಂದು ವಿಚಾರಿಸಿದ್ದೂ ಆಯಿತು. ಇದು ಕಂಪನಿಯಿಂದಲೇ ಬಂದದ್ದು, ಕಾನೂನಿನ ಮಿತಿಯೊಳಗಿನದು, ದಂಡದ ಭಯವಿಲ್ಲ. ಸ್ವಲ್ಪ ಹೊತ್ತಿನಲ್ಲಿ ಆರ್‌ಪಿಎಂ ಇಳಿದು ದನಿ ತಗ್ಗುತ್ತದೆ. ಆಮೇಲೆ ಬಾನೆಟ್ಟಿನ ಬಳಿ ನಿಂತರೆ ಕೇಳಿಸುವುದು ಇಂಜೆಕ್ಟರುಗಳ ಟಿಕ್ ಟಿಕ್ ಸದ್ದು, ನೇರವಾಗಿ ಸಿಲಿಂಡರಿನೊಳಕ್ಕೆ ಪೆಟ್ರೋಲ್ ಚಿಮ್ಮಿಸುವ ಎಲ್ಲ ಎಂಜಿನ್ನುಗಳಲ್ಲೂ ಇರುವಂಥದ್ದು. ಕೆಲವರು ಇದನ್ನು ಟ್ಯಾಪೆಟ್ (ವಾಲ್ವುಗಳನ್ನು ತೆರೆಯುವ ಭಾಗ) ಸಡಿಲವಾದ ಸದ್ದೆಂದು ತಿಳಿದು ಗ್ಯಾರೇಜಿಗೆ ಓಡುತ್ತಾರೆ, ಅಗತ್ಯವಿಲ್ಲ.

ಆದರೆ ಚಾಲಕನ ಸೀಟಿನಲ್ಲಿ ಕೂತವನಿಗೆ ಎಷ್ಟು ಕೇಳಿಸುತ್ತದೆ? ಎರಡೂವರೆ ಸಾವಿರ ಆರ್‌ಪಿಎಂ ಒಳಗೆ ಓಡಿಸಿದರೆ ಬಹಳ ಕಡಿಮೆ. ಕಿಟಕಿ ಏರಿಸಿ, ಎಸಿ ಹಾಕಿ, ಸಯ್ಯಾಜಿರಾವ್ ರಸ್ತೆಯ ದಟ್ಟಣೆಯಲ್ಲಿ ಎರಡನೇ ಗೇರಿನಲ್ಲಿ ಸಾಗುವಾಗ ಇದು ಸಾಮಾನ್ಯ ಐ20ಯೇ. ನಾಲ್ಕು ಸಾವಿರ ದಾಟಿದ ಮೇಲೆಯೇ ಎಂಜಿನ್ ಗಂಟಲು ಬಿಚ್ಚುವುದು, ಅಷ್ಟು ಹೊತ್ತಿಗೆ ನಗರದಲ್ಲಿ ಮುಂದೆ ಆಟೊವೋ ಸಿಟಿ ಬಸ್ಸೋ ಅಡ್ಡ ಇರುತ್ತದೆ. ಈ ಕಾರಿನ ದನಿಯ ಹೆಚ್ಚಿನ ಪಾಲು ಸಿಗುವುದು ರಸ್ತೆಬದಿಯವರಿಗೆ, ದುಡ್ಡು ಕೊಟ್ಟವನಿಗೆ ಉಳಿಕೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಮಾತ್ರ ಲೆಕ್ಕ ತಿರುವುಮುರುವಾಗುತ್ತದೆ. ಮುಂಜಾನೆ ವಾಹನಗಳಿಲ್ಲದ ಹೊತ್ತಿನಲ್ಲಿ ಕಿಟಕಿ ಇಳಿಸಿಕೊಂಡು ತಿರುವಿನಿಂದ ತಿರುವಿಗೆ ಎರಡು, ಮೂರನೇ ಗೇರಿನಲ್ಲಿ ಏರುವಾಗ ದನಿ ಬಂಡೆಗೆ ತಾಕಿ ಒಳಕ್ಕೇ ಬರುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಹಿಂದಿನಿಂದ ಒಂದು ಸಣ್ಣ ಗುರುಗುರು ಸದ್ದು, ಮತ್ತೆ ಒತ್ತಿದರೆ ಟರ್ಬೊದ ಮೆಲ್ಲನೆಯ ಶಿಳ್ಳೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಯೆಜ್ಡಿ ರೋಡ್‌ಕಿಂಗ್‌ನ ಜೋಡಿ ಸೈಲೆನ್ಸರಿನ ಸದ್ದು ಕೇಳುತ್ತ ಬೆಳೆದ ಮೈಸೂರಿನ ಕಿವಿಗಳನ್ನು ಒಲಿಸುವುದು ಸುಲಭವಲ್ಲ. ಆದರೂ ಬೆಟ್ಟದ ಮೇಲೆ ಈ ದನಿಗೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ.

ಇನ್ನು ಸವಾರಿಯ ಸುಖ. ಸಾಮಾನ್ಯ ಐ20ಗಿಂತ ಎನ್ ಲೈನ್‌ನ ಸಸ್ಪೆನ್ಷನ್ ಬಿಗಿಯಾಗಿದೆ, ಸ್ಟಿಯರಿಂಗ್ ತೂಕವಾಗಿದೆ; ಇದು ವಿನ್ಯಾಸಕಾರರು ತಿಳಿದೇ ಮಾಡಿದ ಆಯ್ಕೆ. ಟಯರು 195/55 ಆರ್16: 195 ಮಿಲಿಮೀಟರ್ ಅಗಲ, ಅದರ ಶೇಕಡಾ 55ರಷ್ಟು ಎತ್ತರ, 16 ಇಂಚಿನ ರಿಮ್ಮು. ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಗೋಡೆ ಸುಮಾರು 107 ಮಿಲಿಮೀಟರ್, ಹತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಷ್ಟೇ. ಗುಂಡಿಯ ಅಂಚಿನ ಪೆಟ್ಟನ್ನು ಮೊದಲು ತಾಳಿಕೊಳ್ಳಬೇಕಾದದ್ದು ಅದು, ಮಿಕ್ಕದ್ದು ಸ್ಪ್ರಿಂಗಿಗೆ, ಅದೂ ಬಿಗಿಯಾದದ್ದು.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಈ ಹೊಂದಾಣಿಕೆ ಅದ್ಭುತವಾಗಿ ಫಲಿಸುತ್ತದೆ. 100 ಕಿಲೋಮೀಟರ್ ವೇಗದ ಮಿತಿಯಲ್ಲಿ ಗಾಡಿ ನೆಲ ಬಿಟ್ಟು ತೇಲಿದ ಹಾಗೆನಿಸುವುದಿಲ್ಲ, ಲಾರಿ ದಾಟಿಸುವಾಗ ಬೀಸುವ ಗಾಳಿಗೆ ಅಲುಗುವುದಿಲ್ಲ, ಲೇನ್ ಬದಲಿಸಿದರೆ ಮೈ ವಾಲುವುದಿಲ್ಲ. ಮದ್ದೂರಿನ ಮೇಲ್ಸೇತುವೆಯ ಜೋಡಣೆ ಸಂದುಗಳ ಮೇಲೆ ಟಪ್ ಟಪ್ ಎಂಬ ಸದ್ದು ಬರುತ್ತದೆ, ಪೆಟ್ಟು ಬರುವುದಿಲ್ಲ. ಆದರೆ ಆರನೇ ಗೇರಿನಲ್ಲಿ ಎಂಜಿನ್ ಎಷ್ಟು ಮೌನವಾಗುತ್ತದೆ ಎಂದರೆ ಕೇಳಿಸುವುದೆಲ್ಲ ಟಯರಿನ ಸದ್ದೇ, ಡಾಂಬರು ಒರಟಾದಲ್ಲಿ ಅದು ಇನ್ನಷ್ಟು ಜೋರು. ಸ್ಪೋರ್ಟ್ಸ್ ಕಾರಿನ ದನಿ ಬೇಕೆಂದು ಕೊಂಡವನು ಹೆದ್ದಾರಿಯಲ್ಲಿ ಹಾಡು ಹಾಕಿಕೊಳ್ಳುವುದೇ ಸರಿ. ಕ್ಯಾಮೆರಾಗಳ ಕಣ್ಣು ತಪ್ಪಿಸಿ 120 ಪಿಎಸ್ ಶಕ್ತಿಯನ್ನು ಅಲ್ಲಿ ಪರೀಕ್ಷಿಸುವ ಆಸೆಯನ್ನೂ ಬಿಡಬೇಕು.

ಹೆದ್ದಾರಿ ಬಿಟ್ಟು ಮಂಡ್ಯದಿಂದ ಮೇಲುಕೋಟೆಯ ಕಡೆ ತಿರುಗಿದಾಗ ಬೇರೆಯೇ ಪಾಠ ಶುರುವಾಗುತ್ತದೆ. ಕಬ್ಬು ಕಡಿಯುವ ದಿನಗಳಲ್ಲಿ ಒಳರಸ್ತೆಗಳ ಡಾಂಬರು ಟ್ರ್ಯಾಕ್ಟರ್ ಟ್ರೈಲರುಗಳ ಭಾರಕ್ಕೆ ಚಕ್ರದ ಸಾಲಿನಲ್ಲಿ ಕುಸಿದು, ನಡುವೆ ಉಬ್ಬಿರುತ್ತದೆ. ಊರಿಗೊಂದರಂತೆ, ಕೆಲವೆಡೆ ಶಾಲೆಗೊಂದು ದೇವಸ್ಥಾನಕ್ಕೊಂದರಂತೆ ಹಂಪುಗಳಿರುತ್ತವೆ. ಬಣ್ಣ ಬಳಿದಿರುವುದು ಅಪರೂಪ, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಇಲ್ಲಿ ಮೂವತ್ತು ನಲವತ್ತರ ವೇಗದಲ್ಲಿ ಸಾಗುವಾಗ ಬಿಗಿ ಸ್ಪ್ರಿಂಗಿನ ಗುಣ ಪೂರ್ತಿ ತಿಳಿಯುತ್ತದೆ. ಮುಂದಿನ ಸೀಟಿನವರಿಗೆ ಅದು ರಸ್ತೆಯ ಸುದ್ದಿ. ಹಿಂದಿನ ಆಕ್ಸಲ್ಲಿನ ಹತ್ತಿರ ಕೂತವರಿಗೆ ಸೊಂಟದ ಸುದ್ದಿ. ಹಿಂದಿನ ಎರಡು ಚಕ್ರಗಳನ್ನು ಟಾರ್ಷನ್ ಬೀಮ್ ಎಂಬ ಅಡ್ಡತೊಲೆ ಒಂದಕ್ಕೊಂದು ಬಿಗಿದಿರುವುದರಿಂದ ಎಡಗಡೆಯ ಚಕ್ರ ಮಾತ್ರ ಗುಂಡಿಗೆ ಇಳಿದರೂ ಬಲಗಡೆ ಕೂತವರ ತಲೆ ಆಚೀಚೆ ಆಡುತ್ತದೆ. ನಮ್ಮಮ್ಮ ಅಂಥ ಹೊತ್ತಿನಲ್ಲಿ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು, "ನಿಧಾನಕ್ ಹೋಗಪ್ಪ, ದೇವ್ರು ಎಲ್ಲೂ ಓಡೋಗಲ್ಲ" ಎನ್ನುತ್ತಾರೆ. ನಿಧಾನ ಮಾಡಿದರೆ ಪ್ರಯೋಜನವಾಗುವುದು ಒಂದು ಮಟ್ಟದವರೆಗೆ ಮಾತ್ರ. ಇಪ್ಪತ್ತರೊಳಗೆ ಇಳಿದರೆ ಹಂಪು ಮೆತ್ತಗೆ ದಾಟುತ್ತದೆ. ಐವತ್ತರ ಮೇಲೆ ಸಣ್ಣಪುಟ್ಟ ಏರುಪೇರನ್ನು ಗಾಡಿ ಲೆಕ್ಕಿಸುವುದಿಲ್ಲ. ತೊಂದರೆ ಇರುವುದೆಲ್ಲ ನಡುವಿನ ವೇಗದಲ್ಲಿ, ನಮ್ಮ ಹಳ್ಳಿ ರಸ್ತೆಗಳು ಓಡಿಸಲು ಬಿಡುವುದೂ ಅದೇ ವೇಗ. ನಾಲ್ಕು ಜನ ಕೂತು ಬೂಟಿನಲ್ಲಿ ಚೀಲಗಳಿದ್ದರೆ ಸ್ಪ್ರಿಂಗಿಗೆ ಭಾರ ಸಿಕ್ಕಿ ಕುಲುಕಾಟ ಎಷ್ಟೋ ಕಡಿಮೆಯಾಗುತ್ತದೆ. ಅತಿ ಹೆಚ್ಚು ಕುಲುಕುವುದು ಹಿಂದೆ ಒಬ್ಬರೇ ಕೂತಾಗ.

ಒಂದು ಸಣ್ಣ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬುವ ಹುಡುಗರು ಎಲ್ಲ ಕಾರುಗಳಿಗೂ ಒಂದೇ ಲೆಕ್ಕದಲ್ಲಿ ತುಂಬುತ್ತಾರೆ, ಅದೂ ಒಂದೆರಡು ಪಾಯಿಂಟ್ ಧಾರಾಳವಾಗಿ. ಮೆತ್ತಗಿನ ಗಾಡಿಯಲ್ಲಿ ಅದು ಗೊತ್ತಾಗದೆ ಹೋಗಬಹುದು, ಇದರಲ್ಲಿ ಮುಂದಿನ ಹಂಪಿನಲ್ಲೇ ಗೊತ್ತಾಗುತ್ತದೆ. ಚಾಲಕನ ಬಾಗಿಲಿನ ಕಂಬಕ್ಕೆ ಅಂಟಿಸಿರುವ ಚೀಟಿಯಲ್ಲಿ ನಮೂದಿಸಿರುವಷ್ಟನ್ನೇ, ಟಯರು ತಣ್ಣಗಿರುವಾಗ, ಎದುರು ನಿಂತು ತುಂಬಿಸಿಕೊಳ್ಳುವುದು ಒಳ್ಳೆಯದು.

ಇದೇ ಬೆಲೆಯ ಆಸುಪಾಸಿನಲ್ಲಿ 2024ರಲ್ಲಿ ಟಾಟಾ ಆಲ್ಟ್ರೋಜ್ ರೇಸರ್ ಬಂತು: 120 ಪಿಎಸ್, 170 ನ್ಯೂಟನ್ ಮೀಟರ್, ಅದೂ ಮೂರು ಸಿಲಿಂಡರಿನ ಟರ್ಬೊವೇ. ಅದರ ಬಗ್ಗೆ ಬರೆಯುವಷ್ಟು ನಾನು ಓಡಿಸಿಲ್ಲ. ಎನ್ ಲೈನ್‌ನಲ್ಲೇ ಮ್ಯಾನುಯಲ್ಲೋ ಏಳು ಗೇರಿನ ಡಿಸಿಟಿಯೋ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಎಂದು ಕೇಳುವವರಿಗೆ ನನ್ನ ಉತ್ತರ ಮ್ಯಾನುಯಲ್. ದನಿ ಇರುವುದು ನಾಲ್ಕು ಸಾವಿರದ ಮೇಲೆ, ಅಲ್ಲಿಗೆ ಮುಟ್ಟಿಸುವುದೂ ಅಲ್ಲೇ ಹಿಡಿದಿಡುವುದೂ ನಮ್ಮ ಕೈಯಲ್ಲಿರಬೇಕು. ಆನ್ ರೋಡ್ ಬೆಲೆಯ ವಿಚಾರಕ್ಕೆ ಬಂದರೆ, ಕರ್ನಾಟಕದ ರಸ್ತೆ ತೆರಿಗೆ ಹತ್ತು ಲಕ್ಷದ ಗೆರೆ ದಾಟಿದ ಕಾರಿಗೆ ಮೇಲಿನ ದರಕ್ಕೆ ಜಿಗಿಯುವುದರಿಂದ, ಯಾವ ಮಾದರಿ ಆ ಗೆರೆಯ ಯಾವ ಕಡೆ ಬೀಳುತ್ತದೆ ಎಂಬುದನ್ನು ಕೊಟೇಶನ್ನಿನಲ್ಲಿ ನೋಡಿಯೇ ಮುಂದುವರಿಯಬೇಕು.

ಒಬ್ಬರೋ ಇಬ್ಬರೋ ಓಡಾಡುವವರು, ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವವರು ಇದನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಹಿಂದಿನ ಸೀಟಿನಲ್ಲಿ ಹಿರಿಯರನ್ನು ಕೂರಿಸಿಕೊಂಡು ಪ್ರತಿ ವಾರ ಊರಿಗೆ ಹೋಗುವವರು ಸಾಮಾನ್ಯ ಐ20ಯನ್ನೂ ಒಮ್ಮೆ ಅದೇ ರಸ್ತೆಯಲ್ಲಿ ಓಡಿಸಿ ನೋಡಲಿ. ಟೆಸ್ಟ್ ಡ್ರೈವ್ ಎಂದರೆ ಶೋರೂಮಿನವರು ಸಾಮಾನ್ಯವಾಗಿ ಹೊರವರ್ತುಲ ರಸ್ತೆಗೆ ಕರೆದೊಯ್ಯುತ್ತಾರೆ. ಅಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತದೆ. ಅವರನ್ನು ಒಪ್ಪಿಸಿ ಹಂಪುಗಳಿರುವ ಯಾವುದಾದರೂ ಹಳೆಯ ಬಡಾವಣೆಯೊಳಗೆ ಹೋಗಿ, ಮಡದಿಯನ್ನೋ ತಾಯಿಯನ್ನೋ ಮುಂದೆ ಕೂರಿಸಿ, ಹಿಂದೆ ತಾವೇ ಕೂರಬೇಕು.