ಪಿಎಚ್‌ಡಿ: ಫುಲ್‌ಟೈಮಾ, ಪಾರ್ಟ್‌ಟೈಮಾ? ಇಂಗ್ಲಿಷ್ ಸಾಹಿತ್ಯದಲ್ಲಿ ಎರಡನ್ನೂ ಮಾಡಿ ನೋಡಿದ ಮೇಲೆ

ಇಂಗ್ಲಿಷ್ ಎಂ.ಎ. ಮುಗಿಸಿದವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: ಫೆಲೋಶಿಪ್ ಹಿಡಿದು ಫುಲ್‌ಟೈಮ್ ಕೂರಬೇಕಾ, ಇಲ್ಲಾ ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಾರ್ಟ್‌ಟೈಮ್ ಮಾಡಬೇಕಾ? ನಾನು ಎರಡನ್ನೂ ಮಾಡಿದ್ದೇನೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಮೇಲೆ ಶುರು ಮಾಡಿದೆ. ನಡುವೆ ಗದಗಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಫೆಲೋಶಿಪ್ ಬಿಟ್ಟು, ಒಪ್ಪಿಗೆ ಪಡೆದು ಪಾರ್ಟ್‌ಟೈಮಿಗೆ ಬದಲಾಯಿಸಿಕೊಂಡೆ. ವಿಷಯ ಮಾತ್ರ ಅದೇ ಉಳಿಯಿತು: ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ಕಾದಂಬರಿಗಳಲ್ಲಿ ಕೋರ್ಟು ಕಚೇರಿ.

ನಮ್ಮ ಕಡೆ ಎಲ್ಲರೂ ಹೇಳುವ ಮಾತೊಂದಿದೆ. ಓದೋದು ಬಸ್ಸಿನಲ್ಲೂ ಆಗುತ್ತದೆ, ಬರೆಯೋಕೆ ಮಾತ್ರ ರಜೆ ಬೇಕು ಅಂತ. ನನಗೆ ಕಂಡದ್ದು ಇದಕ್ಕೆ ಪೂರ್ತಿ ಉಲ್ಟಾ. ಓದಿಗೆ ಫುಲ್‌ಟೈಮೇ ಬೇಕು. ಬರವಣಿಗೆ ಕೆಲಸದ ಜೊತೆ ನಡೆಯುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ಪ್ರಬಂಧದ ನಡುಗಂಬ ಡಿಕನ್ಸನ 'ಬ್ಲೀಕ್ ಹೌಸ್' ಕಾದಂಬರಿ. ಒಟ್ಟು 67 ಅಧ್ಯಾಯ. ಎರಡನೇ ಅಧ್ಯಾಯದಲ್ಲಿ ಲೇಡಿ ಡೆಡ್‌ಲಾಕ್ ವಕೀಲನ ಕೈಯಲ್ಲಿದ್ದ ಕೋರ್ಟ್ ಕಾಗದದ ಮೇಲೆ ಸುಮ್ನೆ ಕಣ್ಣು ಹಾಯಿಸುತ್ತಾಳೆ. ಇದನ್ನು ನಕಲು ಮಾಡಿದವರು ಯಾರು ಅಂತ ಕೇಳುತ್ತಾಳೆ. ಅಷ್ಟೇ. ಆಮೇಲೆ ಕತೆ ಬೇರೆ ಊರು, ಬೇರೆ ಜನ, ಬೇರೆ ದನಿ ಅಂತ ಎಲ್ಲೆಲ್ಲೋ ಹೋಗುತ್ತದೆ. ವಕೀಲ ಆ ಕಾಗದ ನಕಲು ಮಾಡಿದವನ ಕೋಣೆ ಹುಡುಕಿಕೊಂಡು ಮೆಟ್ಟಿಲು ಹತ್ತುವುದು ಹತ್ತನೇ ಅಧ್ಯಾಯದಲ್ಲಿ. ಅವನು ಸತ್ತಿದ್ದಾನೆ ಅಂತ ಖಾತ್ರಿಯಾಗುವುದು ಹನ್ನೊಂದರಲ್ಲಿ. ಧಾರವಾಡದಲ್ಲಿ ಬೆಳಿಗ್ಗೆ ಕೂತು ಸಂಜೆವರೆಗೆ ಓದಿದಾಗ ಆ ಕೈಬರಹದ ಎಳೆ ಕೈತಪ್ಪಲಿಲ್ಲ. ಗದಗಿಗೆ ಬಂದ ಮೇಲೆ ಅದೇ ಡಿಕನ್ಸನ 'ಲಿಟಲ್ ಡಾರಿಟ್' ಓದತೊಡಗಿದೆ. ಒಂದು ಅಧ್ಯಾಯ ಓದುವುದು, ಆಮೇಲೆ ಇಂಟರ್ನಲ್ಸ್, ಪೇಪರ್ ವ್ಯಾಲ್ಯುವೇಶನ್, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲು. ಮತ್ತೆ ಪುಸ್ತಕ ತೆಗೆಯುವ ಹೊತ್ತಿಗೆ ಯಾರಿಗೆ ಯಾವ ಗುಟ್ಟು ಗೊತ್ತು ಅನ್ನೋದೇ ಮರೆತಿರುತ್ತಿತ್ತು. ಹಿಂದಿನ ಐವತ್ತು ಪುಟ ತಿರುಗಿಸಿ ನೋಡುವುದರಲ್ಲೇ ಭಾನುವಾರ ಮುಗಿಯುತ್ತಿತ್ತು.

ಬರವಣಿಗೆಯಲ್ಲಿ ಈ ತೊಂದರೆ ಇರಲಿಲ್ಲ. 'ಬ್ಲೀಕ್ ಹೌಸ್' ಕೂಡ ಕಂತು ಕಂತಾಗಿ ಹುಟ್ಟಿದ ಪುಸ್ತಕ ಅಲ್ವಾ? 1852ರ ಮಾರ್ಚ್‌ನಿಂದ 1853ರ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದು ಕಂತು, 32 ಪುಟ, ಬೆಲೆ ಒಂದು ಶಿಲಿಂಗ್. ಕೊನೆಯದು ಮಾತ್ರ ಜೋಡಿ ಕಂತು. ಅದೇ ಹೊತ್ತಿಗೆ ಡಿಕನ್ಸ್ ವಾರಪತ್ರಿಕೆಯೊಂದನ್ನೂ ನಡೆಸುತ್ತಿದ್ದ. ಮಾಡುವ ಕೆಲಸದ ನಡುವೆ ಬರೆಯುವುದು ಹೇಗೆ ಅನ್ನುವುದಕ್ಕೆ ನನ್ನ ಲೇಖಕನೇ ದಾರಿ ತೋರಿಸಿದ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಒಂದೇ ಒಂದು ಪ್ಯಾರಾ. ಮುಂದೆ ಏನು ಬರೆಯಬೇಕು ಅನ್ನುವುದು ನೋಟ್‌ಬುಕ್ಕಿನಲ್ಲಿ ಇದ್ದರೆ ಸಾಕು, ನಡುವೆ ಎರಡು ದಿನ ಬಿಟ್ಟರೂ ಎಳೆ ಸಿಗುತ್ತದೆ.

ಪಾರ್ಟ್‌ಟೈಮಿನಲ್ಲಿ ಫುಲ್‌ಟೈಮಿಗೆ ಎಂದೂ ಸಿಗದ ಒಂದು ದೊಡ್ಡ ಲಾಭವೂ ಇದೆ. ಅದು ಕ್ಲಾಸು. ಬಿ.ಎ. ಹುಡುಗರಿಗೆ 'ಬ್ಲೀಕ್ ಹೌಸ್'ನ ಜಾರ್ನ್‌ಡೈಸ್ ಕೇಸಿನ ಕತೆ ಹೇಳುತ್ತಿದ್ದೆ. ತಲೆಮಾರುಗಟ್ಟಲೆ ನಡೆಯುವ ಆಸ್ತಿ ದಾವೆ ಅದು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಮೇಡಂ, ನಮ್ಮ ಹೊಲದ ಕೇಸೂ ಹಿಂಗ ಐತ್ರಿ. ಅಜ್ಜ ಹಾಕಿದ್ದು, ಈಗ ಅಪ್ಪ ತಾರೀಖಿಗೆ ಹೋಗ್ತಾನ್ರಿ. ಧಾರವಾಡ ಬೆಂಚಿಗೆ ಬಂದೈತಿ." ಆಮೇಲೆ ಕೇಳಿದ: "ಹಂಗಾರ ಅಷ್ಟ್ ವರ್ಷ ವಕೀಲರ ಫೀ ಯಾರ್ ಕೊಟ್ರರಿ?" ಕಾದಂಬರಿಯಲ್ಲಿ ಅದಕ್ಕೆ ಉತ್ತರವಿದೆ. ಆಸ್ತಿಯೇ ಕೊಟ್ಟಿತು. ಖರ್ಚಿಗೆ ಆಸ್ತಿಯೆಲ್ಲ ಕರಗಿ ಹೋಗಿ ಕೇಸು ತಾನಾಗಿ ಮುಗಿಯುತ್ತದೆ. ನಾನು ಕಾದಂಬರಿಯ ಮಂಜು, ಕೊಳೆ, ರೂಪಕ ಅಂತ ಬರೆಯುತ್ತಾ ಇದ್ದೆ. ಆ ಹುಡುಗ ನೇರವಾಗಿ ದುಡ್ಡಿಗೆ ಬಂದ. ನನ್ನ ನಾಲ್ಕನೇ ಅಧ್ಯಾಯ ಪೂರ್ತಿ ಕೋರ್ಟ್ ಖರ್ಚಿನ ಮೇಲೆ ನಿಂತಿದೆ. ಗೈಡ್ ಅದನ್ನೇ ಎಲ್ಲಕ್ಕಿಂತ ಹೆಚ್ಚು ಮೆಚ್ಚಿದರು.

ಗೈಡ್ ವಿಷಯದಲ್ಲಿ ಮಾತ್ರ ಧಾರವಾಡದಲ್ಲೇ ಇದ್ದವರಿಗೆ ಅನುಕೂಲ. ಕಾರಿಡಾರಿನಲ್ಲಿ ಎದುರಾದರೆ "ಎಲ್ಲಿಗ್ ಬಂತ್ರೀ ಎರಡನೇ ಚಾಪ್ಟರು?" ಅಂತ ಒಂದು ಮಾತು ಬರುತ್ತದೆ. ಆ ಒಂದು ಮಾತಿಗೆ ವಾರವಿಡೀ ಕೆಲಸ ಸಾಗುತ್ತದೆ. ಗದಗಿನಿಂದಾದರೆ ಹುಬ್ಬಳ್ಳಿವರೆಗೆ ರೈಲು, ಅಲ್ಲಿಂದ ಚಿಗರಿ ಬಸ್ಸು, ಧಾರವಾಡದಲ್ಲಿ ಇಳಿದು ಯುನಿವರ್ಸಿಟಿಗೆ ಇನ್ನೊಂದು ಬಸ್ಸು. ಅಷ್ಟು ದೂರ ಹೋಗಬೇಕು ಅಂದರೆ ಕೈಯಲ್ಲಿ ಏನಾದರೂ ಬರೆದದ್ದು ಇರಲೇಬೇಕು ಅನಿಸುತ್ತದೆ. ಅದೂ ಒಳ್ಳೆಯದೇ.

ಲೈಬ್ರರಿ ವಿಷಯದಲ್ಲೂ ಧಾರವಾಡದಲ್ಲಿ ಇದ್ದವರಿಗೇ ಅನುಕೂಲ. ಹೆಸರು ಗೊತ್ತಿರುವ ಪುಸ್ತಕ ಎಲ್ಲಿಂದಲಾದರೂ ತರಿಸಬಹುದು. ಗೊತ್ತಿಲ್ಲದ ಪುಸ್ತಕ ಸಿಗಬೇಕಾದರೆ ಕಪಾಟಿನ ಮುಂದೆ ನಿಲ್ಲುವಷ್ಟು ಬಿಡುವು ಬೇಕು. ನಮ್ಮ ಕನ್ನಡದ ಕಾದಂಬರಿಕಾರ ಶಂಕರ ಮೊಕಾಶಿ ಪುಣೇಕರರು ಕವಿ ಯೇಟ್ಸ್ ಮೇಲೆ ಬರೆದ ಪುಸ್ತಕವನ್ನು ಇದೇ ವಿಶ್ವವಿದ್ಯಾಲಯ 1966ರಲ್ಲಿ ಪ್ರಕಟಿಸಿದೆ. ನನಗೆ ಅದು ಸಿಕ್ಕಿದ್ದು ಹಾಗೆ ನಿಂತಾಗಲೇ. ನನ್ನ ವಿಷಯಕ್ಕೆ ಸಂಬಂಧವಿಲ್ಲ. ಆದರೂ ಇಲ್ಲಿ ಕೂತು ಅಲ್ಲಿಯ ಕವಿಯ ಬಗ್ಗೆ ಅಂಜಿಕೆಯಿಲ್ಲದೆ ಬರೆಯಬಹುದು ಅನ್ನುವ ಧೈರ್ಯ ಅದರಿಂದ ಬಂತು. ಆನ್‌ಲೈನ್ ವಿಷಯ ಬೇಗ ಹೇಳಿಬಿಡುತ್ತೇನೆ. ಡಿಕನ್ಸನ ಪತ್ರಿಕೆಗಳು ಡಿಕನ್ಸ್ ಜರ್ನಲ್ಸ್ ಆನ್‌ಲೈನ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಬೇರೆಯವರ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಅನ್ನುವ ತಾಣದಲ್ಲಿವೆ. ಇವು ಎಲ್ಲಿದ್ದರೂ ಒಂದೇ.

ದುಡ್ಡಿನ ಲೆಕ್ಕ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಅದರ ಮುಂದಿನ ಹಂತದ ಎಸ್‌ಆರ್‌ಎಫ್ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಧಾರವಾಡದಲ್ಲಿ ಇದರಲ್ಲಿ ಚೆನ್ನಾಗಿಯೇ ಬದುಕಬಹುದು. ಆದರೆ ಕಾಯಂ ನೌಕರಿ ಬಂದರೆ ಬಿಡಬೇಡಿ, ಮನೆಯವರು ಹೇಳುವುದು ಸರಿ. ಫೆಲೋಶಿಪ್ಪೂ ಇಲ್ಲದೆ, ಕಾಯಂ ಕೆಲಸವೂ ಇಲ್ಲದೆ, ಅತಿಥಿ ಉಪನ್ಯಾಸಕರಾಗಿ ಪಿಎಚ್‌ಡಿ ಮಾಡುವವರ ಕಷ್ಟ ಬೇರೆಯೇ. ಅದನ್ನು ನಾನು ಮಾಡಿಲ್ಲ, ಮಾಡಿದ ಗೆಳತಿಯರನ್ನು ಹತ್ತಿರದಿಂದ ನೋಡಿದ್ದೇನೆ. ಅವರ ಮುಂದೆ ನನ್ನ ಎರಡೂ ದಾರಿ ಸಲೀಸು.

ಅದಕ್ಕೇ ಎರಡರಲ್ಲಿ ಒಂದನ್ನೇ ಆರಿಸಿ ಅಂತ ನಾನು ಹೇಳುವುದಿಲ್ಲ. ಕೋರ್ಸ್‌ವರ್ಕ್ (ಪಿಎಚ್‌ಡಿ ಶುರುವಿನ ತರಗತಿಗಳು) ಮತ್ತು ಮೂಲ ಪಠ್ಯಗಳ ಓದು ಫುಲ್‌ಟೈಮಿನಲ್ಲಿ ಮುಗಿಸಿ, ಬರೆಯುವಾಗ ಕೆಲಸಕ್ಕೆ ಸೇರಿ. ಮೊದಲೇ ಕೆಲಸದಲ್ಲಿದ್ದರೆ ಬೇಸಿಗೆ ರಜೆಯನ್ನೆಲ್ಲ ಓದಿಗೇ ಇಡಿ, ಬರೆಯೋಕೆ ಅಂತ ಕಾಯಬೇಡಿ. ಇನ್ನು ಅವಧಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರು ನೋಂದಣಿ ಮಾಡಿಸಿದರೆ ಇನ್ನೆರಡು, ಹೆಣ್ಣುಮಕ್ಕಳಿಗೆ ಅದರ ಮೇಲೆ ಮತ್ತೆರಡು ವರ್ಷದವರೆಗೆ ಸಿಗಬಹುದು. ಪಾರ್ಟ್‌ಟೈಮ್ ಅಂತ ಗಡುವು ಉದ್ದವಾಗುವುದಿಲ್ಲ. ಕಾಲೇಜಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತೆಗೆದುಕೊಳ್ಳುವಾಗ ಒಂದು ಸಾಲು ಗಮನಿಸಿ: ಅಗತ್ಯ ಬಿದ್ದರೆ ಕೋರ್ಸ್‌ವರ್ಕಿಗೆ ಕೆಲಸದಿಂದ ಬಿಡುವು ಕೊಡುತ್ತೇವೆ ಅಂತ ಅದರಲ್ಲಿ ಬರೆದಿರಬೇಕು. ಅದು ನಿಯಮದಲ್ಲೇ ಇದೆ. ಬಾಯಿಮಾತಿಗೆ ಬಿಡದೆ, ಸಹಿ ಹಾಕಿಸುವ ಮುಂಚೆಯೇ ಆ ಸಾಲು ಸೇರಿಸಿಕೊಳ್ಳಿ.