ಫೈಬರ್ ಬಂಪರಿನ ಬಿರುಕು: ಜೆ.ಸಿ. ರಸ್ತೆಯ ಗ್ಯಾರೇಜೊಂದರ ಕೆಲಸ

ಬೆಂಗಳೂರಿನ ಜೆ.ಸಿ. ರಸ್ತೆಯ ಒಳಗಲ್ಲಿಯಲ್ಲಿರುವ ಗ್ಯಾರೇಜೊಂದು ನಮ್ಮ ಹಳೆಯ ಕಾರಿಗೆ ಬೇರೆಯಾಗಿ ಹಾಕಿಸಿದ್ದ ಫೈಬರ್‌ಗ್ಲಾಸ್ ಬಂಪರನ್ನು ದುರಸ್ತಿ ಮಾಡಿಕೊಟ್ಟ ರೀತಿ ನಿಜಕ್ಕೂ ಮೆಚ್ಚುವಂಥದ್ದು. ಮೇಸ್ತ್ರಿಯವರು ಮೊದಲು ಬಂಪರನ್ನು ಬಿಚ್ಚಿ ಒಳಬದಿಯನ್ನು ಪರೀಕ್ಷಿಸಿದರು. ಇಂದಿನ ಕಂಪನಿ ಬಂಪರುಗಳು ಬಹುಪಾಲು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನವಾಗಿದ್ದು, ಅವಕ್ಕೆ ಪಾಲಿಯೆಸ್ಟರ್ ರೆಸಿನ್ (ಗಾಜಿನ ನಾರನ್ನು ಹಿಡಿದಿಟ್ಟು ಗಟ್ಟಿಯಾಗುವ ಅಂಟುದ್ರವ) ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಈ ಪರೀಕ್ಷೆ ಬಹಳ ಮುಖ್ಯ. ಬಿರುಕು ಮುಂದೆ ಹರಿಯದಂತೆ ಅದರ ತುದಿಯಲ್ಲಿ ಸಣ್ಣ ರಂಧ್ರ ಕೊರೆದು, ಅಂಚುಗಳನ್ನು ಇಳಿಜಾರಾಗಿ ಉಜ್ಜಿ, ಹಿಂಬದಿಯನ್ನು 80 ನಂಬರಿನ ಸ್ಯಾಂಡ್‌ಪೇಪರಿನಿಂದ ಒರಟಾಗಿಸಿ, ಅಸಿಟೋನಿನಿಂದ ಒರೆಸಿದ ಮೇಲಷ್ಟೇ ಗಾಜಿನ ನಾರಿನ ಮ್ಯಾಟನ್ನು ರೆಸಿನ್ ಹಚ್ಚಿ ಪದರ ಪದರವಾಗಿ ಕೂರಿಸಿದರು. ರೆಸಿನ್ನನ್ನು ಗಟ್ಟಿಯಾಗಿಸುವ ಹಾರ್ಡನರನ್ನು ಅಂದಾಜಿಗೆ ಸುರಿಯದೆ ರೆಸಿನ್ನಿನ ಶೇ. 1ರಿಂದ 2ರ ಮಿತಿಯಲ್ಲಿ ಅಳೆದು ಬೆರೆಸಿದರು. ಗಾಳಿಗುಳ್ಳೆ ಉಳಿಯದಂತೆ, ಮ್ಯಾಟಿನ ಬಿಳುಪು ಪೂರ್ತಿ ಮಾಯವಾಗುವವರೆಗೂ ಬ್ರಷ್ಷಿನ ತುದಿಯಿಂದ ಕುಟ್ಟುತ್ತಲೇ ಇದ್ದರು.

ಮೇಲೆ ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ನಮ್ಮ ರಸ್ತೆಗಳ ಕುಲುಕಾಟಕ್ಕೆ ಬಿರುಕು ಮತ್ತೆ ಬಾಯಿ ಬಿಡುತ್ತದೆ. ಇಲ್ಲಿ ಪುಟ್ಟಿ ತೆಳುವಾಗಿದ್ದು, ಬಲವೆಲ್ಲ ಒಳಗಿನ ಪದರಗಳಲ್ಲಿದೆ. ಕೊರತೆಯೆಂದರೆ ಬಣ್ಣ: ಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿಗಿಂತ ಒಂದು ಛಾಯೆ ಗಾಢವಾಗಿ ಕಾಣುತ್ತದೆ. ಅಲ್ಲಿಗೆ ಹೋಗುವವರು ಕಾರಿನ ಪೇಂಟ್ ಕೋಡನ್ನು ಮೊದಲೇ ಬರೆದುಕೊಟ್ಟು, ಬಣ್ಣದ ಮಾದರಿಯನ್ನು ಹಗಲು ಬೆಳಕಿನಲ್ಲಿ ನೋಡಿಯೇ ಒಪ್ಪಿಗೆ ಕೊಡುವುದು ಒಳ್ಳೆಯದು.